ಎರಡು ಕಾರು, ಒಂದು ಏರು

ಭಾನುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಗುಡ್ಡದ ಬುಡದ ಪೆಟ್ರೋಲ್ ಬಂಕಿನೆದುರು ಬೂದು ಬಣ್ಣದ ಹಳೇ ಕಾರೊಂದು ಬಂದು ನಿಲ್ಲುತ್ತಿತ್ತು. ಒಳಗಿದ್ದ ಹಿರಿಯರೊಬ್ಬರು ಕಿಟಕಿಗಳನ್ನೆಲ್ಲ ಏರಿಸಿ, ಸ್ಟಾಪ್‌ವಾಚ್ ಒತ್ತಿ, ಏರು ಹತ್ತಲು ಶುರುಮಾಡುತ್ತಿದ್ದರು. ಮೇಲಿನ ನೀರಿನ ಟ್ಯಾಂಕಿಗೆ ನಾಲ್ಕೂವರೆ ಕಿಲೋಮೀಟರು, ಹತ್ತೊಂಬತ್ತು ತಿರುವು. ಅಲ್ಲಿ ಕಾರು ನಿಲ್ಲಿಸಿ, ಬಾನೆಟ್ ಎತ್ತಿಟ್ಟು, ಮೆಟ್ಟಿಲ ದಾರಿ ಹಿಡಿದು ನಡೆದು ಇಳಿಯುತ್ತಿದ್ದರು. ಇಪ್ಪತ್ತೈದು ನಿಮಿಷ. ಬಂಕಿನ ಹಿಂದಿನ ಓಣಿಯಲ್ಲಿ ತಗಡಿನ ಶೆಡ್ಡಿನ ಬೀಗ ತೆಗೆದು ಬೆಣ್ಣೆ ಬಣ್ಣದ ಇನ್ನೊಂದು ಕಾರನ್ನು ಹೊರಗೆ ತಂದು, ಮತ್ತೆ ಸ್ಟಾಪ್‌ವಾಚ್ ಒತ್ತಿ, ಮತ್ತೆ ಏರು. ಎರಡೂ ಕಾರು ಟ್ಯಾಂಕಿನ ಬಳಿ ಅಕ್ಕಪಕ್ಕ ನಿಂತ ಮೇಲೆ ಫ್ಲಾಸ್ಕಿನ ಟೀ ಕುಡಿದು, ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯುತ್ತಿದ್ದರು. ಆಮೇಲೆ ಒಂದನ್ನು ಕೆಳಗೆ ಬಿಟ್ಟು, ನಲವತ್ತು ನಿಮಿಷ ಮೆಟ್ಟಿಲು ಹತ್ತಿ, ಇನ್ನೊಂದನ್ನು ತರುತ್ತಿದ್ದರು. ವಯಸ್ಸು ಎಪ್ಪತ್ತೊಂದು.

ಎಂಟು ತಿಂಗಳು ಇದನ್ನು ನೋಡಿದ ಬಂಕಿನವನಿಗೆ ಒಂದು ದಿನ ತಡೆಯಲಾಗಲಿಲ್ಲ.

“ಸಾರ್, ಒಂದು ಮಾತು ಕೇಳ್ಲಾ? ಒಂದರಲ್ಲಿ ಹೋಗಿ ಅದರಲ್ಲೇ ವಾಪಸ್ ಬನ್ನಿ, ಆಮೇಲೆ ಇನ್ನೊಂದರಲ್ಲಿ ಹೋಗಿ. ಮೊಣಕಾಲು ಯಾಕೆ ಸವೆಸ್ಕೋತೀರಿ?”

“ನಿಯಮ ಹಾಗಿಲ್ಲ.”

“ಯಾರ್ ಮಾಡಿದ್ದು ಸಾರ್ ನಿಯಮ?”

“ನಾವಿಬ್ರು.”

ಬಂಕಿನವನು ಅವರ ಹಿಂದೆ ಮುಂದೆ ನೋಡಿದ. ಇದ್ದದ್ದು ಒಬ್ಬರೇ.

ಆ ಒಬ್ಬರು ಮೂವತ್ತಮೂರು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸವೆದ ತೂಕದ ಕಲ್ಲುಗಳನ್ನು ಎತ್ತಿಡುವುದು, ಸರಿಯಿದ್ದವಕ್ಕೆ ಮುದ್ರೆ ಒತ್ತುವುದು. ಅಂಗಡಿಯವರು ಎದುರಿಗೆ ‘ಸಾಹೇಬ್ರೇ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ತಕ್ಕಡಿ’. ಎದುರಿಗೇ ತಕ್ಕಡಿ ಎಂದು ಕರೆದವನು ಊರಲ್ಲೆಲ್ಲ ಒಬ್ಬನೇ, ಟೈಲರ್.

ಅವರಿಬ್ಬರ ಪರಿಚಯವಾದದ್ದು ಒಂದು ನೋಟಿಸಿನಿಂದ. ಇನ್ಸ್‌ಪೆಕ್ಟರು ಬಟ್ಟೆ ಅಂಗಡಿಗಳ ಮೀಟರ್ ಕೋಲು ಪರೀಕ್ಷಿಸುತ್ತ ಬಂದು, ಟೈಲರನ ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನೂ ಅಳೆದರು. ಎಳೆದೆಳೆದು ಅದು ಒಂದೂವರೆ ಸೆಂಟಿಮೀಟರ್ ಹಿಗ್ಗಿತ್ತು. ಅವರು ಪೆನ್ನು ತೆಗೆದರು.

“ಬರೀರಿ ಸ್ವಾಮಿ, ಬರೀರಿ” ಎಂದ ಟೈಲರ್. “ಆದ್ರೆ ನಾನು ಅಳೆಯೋದು ಹೊಟ್ಟೆ, ಬೇಳೆ ಅಲ್ಲ. ಹೊಟ್ಟೆ ಬೆಳಿಗ್ಗೆ ಒಂದಳತೆ, ಊಟ ಆದ್ಮೇಲೆ ಒಂದಳತೆ. ಅದಕ್ಕೂ ಒಂದು ಮುದ್ರೆ ಒತ್ತಿ ಹೋಗಿ.”

ಇನ್ಸ್‌ಪೆಕ್ಟರು ನಗಲಿಲ್ಲ. ನೋಟಿಸು ಬರೆದು ಕೊಟ್ಟು ಹೊರಗೆ ಬಂದಾಗ ಅಂಗಡಿಯ ಮುಂದೆ ಬೆಣ್ಣೆ ಬಣ್ಣದ ಎರಡು ಬಾಗಿಲಿನ ಕಾರು ಕಂಡಿತು. ಅವರದೂ ಹಳೇ ಕಾರೇ, ಬೂದು ಬಣ್ಣದ್ದು, ತಂದೆಯಿಂದ ಬಂದದ್ದು. ಅವರು ಬಗ್ಗಿ ಬೆಣ್ಣೆ ಕಾರಿನ ಟೈರು ನೋಡಿದರು. ಟೈಲರ್ ಬಾಗಿಲಿಗೆ ಬಂದು ನಿಂತ.

“ಅದನ್ನೂ ಅಳೀತೀರಾ?”

“ನಿಮ್ಮ ಎಂಜಿನ್ ತುಂಬ ಸದ್ದು ಮಾಡುತ್ತೆ. ಬರ್ತಾ ಕೇಳಿಸ್ಕೊಂಡೆ.”

“ನಿಮ್ಮದು ಮಾಡಲ್ವಾ?”

“ಇಲ್ಲ.”

“ಹಾಗಾದ್ರೆ ಭಾನುವಾರ ಗುಡ್ಡ ಹತ್ತಿಸಿ ನೋಡೋಣ. ಸದ್ದು ಮಾಡೋದು ಮೊದಲು ಹತ್ತುತ್ತೋ, ಸುಮ್ಮನಿರೋದೋ.”

ಆ ಭಾನುವಾರ ಹತ್ತೊಂಬತ್ತು ವರ್ಷ ನಡೆಯಿತು. ಮಳೆ, ಜ್ವರ, ಮದುವೆ, ಬಿಡಿಭಾಗ ಸಿಗದ ವಾರಗಳನ್ನು ಕಳೆದು ಎಂಟುನೂರಾ ಆರು ಏರು. ನಿಯಮಗಳನ್ನು ಟೈಲರನ ಬಿಲ್ಲಿನ ಹಾಳೆಯ ಹಿಂಬದಿಯಲ್ಲಿ ಬರೆದು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿದ್ದರು. ನಾಲ್ಕನೆಯದು ಹೀಗಿತ್ತು: ‘ಎರಡೂ ಕಾರು ಮೇಲೆ ನಿಲ್ಲದೆ ಫಲಿತಾಂಶ ಬರೆಯಕೂಡದು.’ ನಡುದಾರಿಯಲ್ಲಿ ಕೆಟ್ಟು ನಿಂತವನನ್ನು ಬಿಟ್ಟು ಗೆದ್ದೆ ಎನ್ನಬಾರದು, ಇಳಿದು ಹೋಗಿ ಕರೆತರಬೇಕು ಎಂದು ಇದರರ್ಥ. ಸೂಚಿಸಿದವನು ಟೈಲರ್. ಕೆಟ್ಟು ನಿಲ್ಲುವುದು ಹೆಚ್ಚಾಗಿ ಅವನದೇ ಕಾರು.

ಎರಡು ಕಾರುಗಳ ಸ್ವಭಾವದಲ್ಲಿ ಆನೆಗೂ ಆಡಿಗೂ ಇರುವಷ್ಟು ಅಂತರ. ಬೂದು ಕಾರು ಭಾರ. ಗೇರು ಮೂರೇ, ಅದರ ಕೋಲು ಸ್ಟೀರಿಂಗಿನ ಪಕ್ಕದಲ್ಲಿ. ಎಂಥ ಚಳಿಯಲ್ಲೂ ಮೊದಲ ಎಳೆತಕ್ಕೆ ಸ್ಟಾರ್ಟ್. ಏರಿನಲ್ಲಿ ಅವಸರವಿಲ್ಲ, ಬಿಸಿಯಾಗುವುದಿಲ್ಲ, ಲೀಟರಿಗೆ ಒಂಬತ್ತೇ ಕಿಲೋಮೀಟರು. ಸಾವಿರದೈನೂರು ಕಿಲೋಮೀಟರಿಗೊಮ್ಮೆ ಹದಿನಾಲ್ಕು ಕಡೆ ಗ್ರೀಸ್ ಕೊಟ್ಟರೆ ಮತ್ತೇನೂ ಕೇಳದು. ಬ್ರೇಕು ಮಾತ್ರ ಯೋಚನೆ ಮಾಡಿ ಹಿಡಿಯುತ್ತದೆ. ಬೆಣ್ಣೆ ಕಾರು ಹಗುರ, ನಾಲ್ಕು ಗೇರು, ಲೀಟರಿಗೆ ಹನ್ನೆರಡೂವರೆ. ಮೂರನೇ ತಿರುವು ದಾಟಿದ ಕೂಡಲೇ ಚಿಗುರುತ್ತದೆ. ಆದರೆ ತಿಂಗಳಿಗೊಮ್ಮೆ ಕಾರ್ಬೊರೇಟರ್ ಬಿಚ್ಚಿ ತೊಳೆಯಬೇಕು, ವರ್ಷಕ್ಕೊಮ್ಮೆ ತುಕ್ಕು ತಿಂದ ನೆಲಕ್ಕೆ ತಗಡು ಹಾಕಿಸಬೇಕು. ಹದಿನೇಳನೇ ತಿರುವಿಗೆ ರೇಡಿಯೇಟರ್ ಕುದಿಯುತ್ತದೆ. ಅದರ ವೈಪರು ಎಂಜಿನ್ನಿನ ಉಸಿರಿನಿಂದ ಓಡುವಂಥದ್ದು. ಮಳೆಯಲ್ಲಿ ಏರು ಹತ್ತುವಾಗ ನಿಂತುಬಿಡುತ್ತದೆ, ಇಳಿಯುವಾಗ ಎರಡರಷ್ಟು ಆಡುತ್ತದೆ.

“ನೆಂಟರ ಥರ” ಎನ್ನುತ್ತಿದ್ದ ಟೈಲರ್. “ಕಷ್ಟದಲ್ಲಿ ಕೈಕಟ್ಟಿ ಕೂತ್ಕೊಂಡು ಸುಖದಲ್ಲಿ ಕೈ ಬೀಸ್ತವೆ.”

ಒಳ್ಳೆಯ ದಿನ ಬೂದು ಕಾರಿಗೆ ಒಂಬತ್ತು ನಿಮಿಷ ನಲವತ್ತು ಸೆಕೆಂಡು, ಬೆಣ್ಣೆ ಕಾರಿಗೆ ಒಂಬತ್ತು ಇಪ್ಪತ್ತು. ಆದರೆ ಎಲ್ಲ ದಿನವೂ ಒಳ್ಳೆಯದಲ್ಲವಾದ್ದರಿಂದ, ಟೈಲರ್ ತೀರಿಕೊಂಡ ವಾರದ ಹೊತ್ತಿಗೆ ಲೆಕ್ಕ ಹೀಗಿತ್ತು: ಬೆಣ್ಣೆ ನಾನೂರ ಹನ್ನೊಂದು, ಬೂದು ಮುನ್ನೂರ ತೊಂಬತ್ತೈದು.

ಟೈಲರ್ ಹೋದದ್ದು ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ, ಮಧ್ಯಾಹ್ನ. ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಬಂದು ಎಲ್ಲ ಮುಗಿಸಿ, ಹೊರಡುವಾಗ ಶೆಡ್ಡಿನ ಬೀಗದ ಕೈಯನ್ನು ಇನ್ಸ್‌ಪೆಕ್ಟರ ಕೈಗಿಟ್ಟಳು. “ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಮಾಮ, ಸಾಕು.” ಅವಳು ಅಷ್ಟೇ ಹೇಳಿದ್ದು. ಗುಡ್ಡ ಹತ್ತಿಸಿ ಎಂದು ಯಾರೂ ಹೇಳಿರಲಿಲ್ಲ.

ಇನ್ಸ್‌ಪೆಕ್ಟರಿಗೆ ಮದುವೆಯಾಗಿಲ್ಲ. ಮನೆ ಒಂದು ಕೋಣೆ, ಅಡುಗೆಮನೆ, ಕಾರು ನಿಲ್ಲುವಷ್ಟೇ ಅಂಗಳ. ಅಡುಗೆಮನೆಯ ಕಪಾಟಿನಲ್ಲಿ ಎರಡು ಲೋಟ; ಒಂದು ಟೈಲರನಿಗಾಗಿ ಭಾನುವಾರ ಗುಡ್ಡಕ್ಕೆ ಹೋಗಿ ಬರುತ್ತಿದ್ದದ್ದು, ಈಗ ಬೋರಲು ಬಿದ್ದಿರುತ್ತದೆ. ಗುರುವಾರ ಸಂಜೆ ಏಳಕ್ಕೆ ತಂಗಿಯ ಫೋನು ಬರುತ್ತದೆ. “ಅಣ್ಣಾ, ಹೇಗಿದ್ದೀಯ?” “ಇದ್ದೀನಿ.” “ಮತ್ತೆ?” “ಮತ್ತೇನಿಲ್ಲ.” ತಂಗಿ ತನ್ನ ಮನೆಯ ಸುದ್ದಿ ಹೇಳಿ ಇಡುತ್ತಾಳೆ. ವಾರದಲ್ಲಿ ಬಾಯಿ ಬಿಡಬೇಕಾದ ಉಳಿದ ಸಂದರ್ಭಗಳು ಹಾಲಿನವನೊಡನೆ, ಬಂಕಿನವನೊಡನೆ.

ಟೈಲರ್ ಇಲ್ಲದ ಮೊದಲ ಎಂಟು ಭಾನುವಾರ ಬೆಣ್ಣೆ ಕಾರು ಎಂದಿನಂತೆ ಗೆದ್ದಿತು. ಇನ್ಸ್‌ಪೆಕ್ಟರು ಎರಡನ್ನೂ ಸಮನಾಗಿಯೇ ಓಡಿಸಿದರು. ಪಕ್ಷಪಾತ ಅವರ ಕೈಗೆ ಬರುವಂಥದ್ದಲ್ಲ. ಅವರನ್ನು ಕಾಡಿದ್ದು ಬೆಣ್ಣೆ ಕಾರಿನ ಸದ್ದು. ಟಿಕ್ ಟಿಕ್ ಟಿಕ್ ಎಂದು ಟ್ಯಾಪೆಟ್ ಬಡಿಯುವ ಸದ್ದು, ಬುಡದಿಂದ ಟ್ಯಾಂಕಿನವರೆಗೆ.

ಈ ಟ್ಯಾಪೆಟ್ಟಿನ ಜಗಳ ಅವರಿಬ್ಬರ ನಡುವೆ ಹತ್ತೊಂಬತ್ತು ವರ್ಷವೂ ಇತ್ತು. ಎಂಜಿನ್ನಿನ ಹೊಗೆ ಹೊರಹೋಗುವ ಬಾಯಿಗೆ ಒಂದು ಮುಚ್ಚಳವಿರುತ್ತದೆ, ಅದೇ ವಾಲ್ವ್. ಅದನ್ನು ತಳ್ಳಿ ತೆರೆಯುವ ಟ್ಯಾಪೆಟ್ ಎಂಬ ಭಾಗಕ್ಕೂ ಅದಕ್ಕೂ ನಡುವೆ ಕೂದಲೆಳೆಯ ಸಂದು ಬಿಡಬೇಕು. ಲೋಹ ಕಾದಾಗ ಹಿಗ್ಗುವುದಕ್ಕೆ ಆ ಜಾಗ. ಸಂದು ದೊಡ್ಡದಾದರೆ ಬಡಿಯುತ್ತದೆ. ಸಣ್ಣದಾದರೆ ಸದ್ದಿರುವುದಿಲ್ಲ, ಆದರೆ ಮುಚ್ಚಳ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಇನ್ಸ್‌ಪೆಕ್ಟರು ಇದನ್ನು ಉಕ್ಕಿನ ತೆಳು ಎಲೆಗಳ ಗೇಜಿನಿಂದ ಅಳೆಯುತ್ತಿದ್ದರು. ಬೂದು ಕಾರಿಗೆ ಅಂಗುಲದ ಸಾವಿರದಲ್ಲಿ ಎಂಟು ಭಾಗ, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ. ಟೈಲರ್ ತನ್ನ ಅಂಗಡಿಯ ಕಾರ್ಡನ್ನೇ ತೂರಿಸಿ ಎಳೆದು ನೋಡುತ್ತಿದ್ದ.

“ಕಾರ್ಡಲ್ಲಿ ಅಳೀತಾರೇನಯ್ಯ ಯಾರಾದ್ರೂ?”

“ಬಟ್ಟೆ ಮೈಗೆ ಅಂಟೋ ಹಾಗೆ ಹೊಲಿದ್ರೆ ಕೂತಾಗ ಹರಿಯುತ್ತೆ, ತಕ್ಕಡಿ. ಉಸಿರಾಡೋಕೆ ಜಾಗ ಬಿಡ್ಬೇಕು. ಸದ್ದು ಮಾಡೋ ಟ್ಯಾಪೆಟ್ ಬದುಕಿರುತ್ತೆ. ಸುಮ್ಮನಿರೋದು ಒಳಗೊಳಗೇ ಸುಡ್ತಿರುತ್ತೆ.”

“ಎಂಟಕ್ಕೆ ಇಡು. ತಣ್ಣಗಾಗುತ್ತೆ.”

“ನಾನು ತಣ್ಣಗಾದ್ಮೇಲೆ ಇಟ್ಕೋ.”

ಒಂಬತ್ತನೇ ವಾರ ಅವರು ಅದನ್ನೇ ಮಾಡಿದರು. ಒಂಟಿಯಾಗಿ ಹತ್ತುವಾಗ ಆ ಬಡಿತ, ಮುಗಿಯದ ಜಗಳದ ಎದುರಾಳಿ ಮಾತ್ರ ಮಾತಾಡುತ್ತಿರುವ ಹಾಗೆ ಕೇಳಿಸುತ್ತಿತ್ತು. ಶನಿವಾರ ಶೆಡ್ಡಿನಲ್ಲಿ ಕೂತು ಬೆಣ್ಣೆ ಕಾರಿನ ಎಂಟೂ ಟ್ಯಾಪೆಟ್ಟುಗಳನ್ನು ಎಂಟಕ್ಕೆ ಬಿಗಿದರು. ಎಂಜಿನ್ ಮೌನವಾಯಿತು. ಭಾನುವಾರ ಬೂದು ಕಾರು ಮೂರು ಸೆಕೆಂಡಿನಿಂದ ಗೆದ್ದಿತು.

ಅಲ್ಲಿಂದ ಬೂದು ಕಾರು ಸೋಲಲಿಲ್ಲ. ಬೆಣ್ಣೆ ಕಾರಿನ ಓಟ ವಾರದಿಂದ ವಾರಕ್ಕೆ ಇಳಿಜಾರು ಹಿಡಿಯಿತು: ಒಂಬತ್ತು ನಲವತ್ತಮೂರು, ಒಂಬತ್ತು ಐವತ್ತೆಂಟು, ಹತ್ತು ಹನ್ನೊಂದು. ಮೊದಮೊದಲು ಇನ್ಸ್‌ಪೆಕ್ಟರಿಗೆ ಖುಷಿಯಾಯಿತು. ಅದನ್ನು ಅವರು ಮುಚ್ಚಿಡುವುದಿಲ್ಲ. ಪೆಟ್ರೋಲು ಕೆಟ್ಟದ್ದಿರಬೇಕು, ಕಾರ್ಬೊರೇಟರ್ ಇರಬೇಕು ಎಂದು ಬಿಚ್ಚಿ ತೊಳೆದರು, ಪ್ಲಗ್ ಬದಲಿಸಿದರು. ಬೆಣ್ಣೆ ಕಾರಿಗೆ ಹತ್ತು ಇಪ್ಪತ್ತನಾಲ್ಕು ಆದ ಭಾನುವಾರ, ಸತತ ಇಪ್ಪತ್ತನಾಲ್ಕನೇ ಗೆಲುವು ಬರೆದು ಒಟ್ಟು ಕೂಡಿದಾಗ ನಾನೂರ ಹತ್ತೊಂಬತ್ತು, ನಾನೂರ ಹತ್ತೊಂಬತ್ತು ಬಂತು. ಸರಿಸಮ. ಹತ್ತೊಂಬತ್ತು ವರ್ಷ ಹಿಂದೆ ಬಿದ್ದಿದ್ದ ಕಾರು ಸಮಕ್ಕೆ ಬಂದಿತ್ತು. ಅವರು ತಲೆ ಎತ್ತಿ ನೋಡಿದರು. ಟ್ಯಾಂಕಿನ ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆಣ್ಣೆ ಕಾರಿನ ಸೈಲೆನ್ಸರ್ ಬಿಸಿ ಆರುತ್ತ ಟಣ್ ಎಂದಿತು.

ಮಾರನೇ ದಿನ ಟೈಲರನ ಮಗಳ ಫೋನು ಬಂತು.

“ಮಾಮ, ಶೆಡ್ಡಿನ ಓನರ್ ತಿಂಗಳ ಕೊನೆಗೆ ಖಾಲಿ ಮಾಡಿ ಅಂತಿದಾರೆ. ನಮ್ಮ ಆಸ್ಪತ್ರೆಯ ಕಣ್ಣಿನ ಡಾಕ್ಟ್ರು ಹಳೇ ಕಾರು ಅಂದ್ರೆ ಪ್ರಾಣ ಬಿಡ್ತಾರೆ. ಆರೇಳು ಇಟ್ಕೊಂಡಿದಾರೆ, ಎಲ್ಲಾನೂ ಮಗು ಥರ ನೋಡ್ಕೋತಾರೆ. ಈ ಭಾನುವಾರ ಕರ್ಕೊಂಡು ಬರ್ತೀನಿ. ಗುಡ್ಡ ಹತ್ತಿಸಿ ನೋಡಿ, ಚೆನ್ನಾಗಿದ್ರೆ ಮಾತ್ರ ತಗೋತಾರಂತೆ.”

“ಚೆನ್ನಾಗಿಲ್ಲದಿದ್ರೆ?”

“ಅವ್ರು ಬೇಡ ಅಂದ್ರೆ ಬೇರೆ ಯಾರಿಗೂ ಕೊಡಲ್ಲ ಮಾಮ. ನಿಮ್ಮ ಹೆಸರಿಗೇ ಬರ್ಕೊಡ್ತೀನಿ, ಎಲ್ಲಾದ್ರೂ ನಿಲ್ಲಿಸ್ಕೊಳ್ಳಿ. ಆದ್ರೆ ನಿಮಗೆ ಯಾಕೆ ಎರಡೆರಡು ಹೊರೆ?”

ಹೊರೆಯಲ್ಲಮ್ಮ, ನನಗೇ ಕೊಡು ಎಂದು ಕೇಳಬಹುದಿತ್ತು. ಇನ್ಸ್‌ಪೆಕ್ಟರು ಕೇಳಲಿಲ್ಲ. ಅವರ ಜೀವನದಲ್ಲಿ ಕೇಳುವ ಅಭ್ಯಾಸವೇ ಇರಲಿಲ್ಲ, ತೂಗುವುದಷ್ಟೇ.

ಮಂಗಳವಾರ ಅವರು ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿನ ಒತ್ತಡ ಅಳೆದರು. ಒಂದು, ಎರಡು, ನಾಲ್ಕರಲ್ಲಿ ಗೇಜಿನ ಮುಳ್ಳು ನೂರಿಪ್ಪತ್ತರ ಆಸುಪಾಸು. ಮೂರನೆಯದರಲ್ಲಿ ಅರವತ್ತು ದಾಟಲಿಲ್ಲ. ಬುಧವಾರ ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿ ಇಳಿಸಿದರು. ಮೂರನೇ ಸಿಲಿಂಡರಿನ ಹೊಗೆ ವಾಲ್ವಿನ ಅಂಚು ಇಲಿ ಕಡಿದ ರೊಟ್ಟಿಯಂತೆ ಒಂದು ಕಡೆ ಹೋಗಿತ್ತು. ಸುಟ್ಟ ವಾಲ್ವ್. ನೋಡಿದ ಮೇಲೆ ಕಾರಣ ಹುಡುಕಬೇಕಿರಲಿಲ್ಲ.

ಆದರೂ ಅವರು ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆರೆದು ಆ ಕಾರ್ಡು ಹುಡುಕಿ ತೆಗೆದರು. ಎಣ್ಣೆ ಕುಡಿದು ಕಂದಾಗಿತ್ತು. ಟೈಲರನ ಅಂಗಡಿಯ ಹೆಸರು, ಐದಂಕಿಯ ಹಳೇ ಫೋನ್ ನಂಬರು, ಕೆಳಗೆ ‘ಹೇಳಿದ ದಿನಕ್ಕೆ ತಪ್ಪದೆ’ ಎಂಬ ಸಾಲು. ಊರಿನಲ್ಲಿ ಯಾರೂ ಅದನ್ನು ನಂಬಿದ್ದಿಲ್ಲ. ಕಾರ್ಡಿನ ದಪ್ಪವನ್ನು ತಮ್ಮ ಗೇಜಿನ ಎಲೆಗಳ ಜೊತೆ ಹೋಲಿಸಿದರು. ಹದಿಮೂರು. ಕಾರ್ಡಿನ ಕೆಳಗೇ ಇದ್ದ, ಅವರು ಎಂದೂ ಬಿಡಿಸಿ ನೋಡದ ಕಾರಿನ ಕೈಪಿಡಿಯಲ್ಲಿ ಹನ್ನೆರಡು ಎಂದಿತ್ತು. ಎರಡು ಕಂಪನಿ, ಎರಡು ಎಂಜಿನ್, ಎರಡು ಅಳತೆ. ಒಂದು ಅಂಗಡಿಯ ಕಲ್ಲನ್ನು ಇನ್ನೊಂದು ಅಂಗಡಿಯ ತಕ್ಕಡಿಗೆ ಹಾಕಿದವರಿಗೆ ಮೂವತ್ತಮೂರು ವರ್ಷ ದಂಡ ಹಾಕಿದವರು ಅವರು.

ಬುಧವಾರ ಸಂಜೆಯಿಂದ ಶುಕ್ರವಾರ ಬೆಳಗಿನವರೆಗೆ ಶೆಡ್ಡಿನಲ್ಲಿ ಕಾರು ಹಾಗೇ ಬಿಚ್ಚಿಕೊಂಡು ನಿಂತಿತ್ತು. ಹೆಡ್ಡನ್ನು ಇದ್ದ ಹಾಗೇ ಮತ್ತೆ ಕೂರಿಸಿದರೆ ಭಾನುವಾರ ಕಾರು ಏದುಸಿರು ಬಿಡುತ್ತ ಹತ್ತೂವರೆ ನಿಮಿಷಕ್ಕೆ ಹತ್ತುತ್ತದೆ, ಡಾಕ್ಟರು ತಲೆಯಾಡಿಸಿ ಹೋಗುತ್ತಾರೆ, ಕಾರು ಇಲ್ಲೇ ಉಳಿಯುತ್ತದೆ. ಸರಿಮಾಡಿದರೆ ಹೋಗುತ್ತದೆ. ಇದಕ್ಕಿಂತ ನೇರವಾದ ತಕ್ಕಡಿ ಅವರು ಕಂಡಿರಲಿಲ್ಲ. ಗುರುವಾರ ತಂಗಿಯ ಫೋನು ಬಂದಾಗ ಅವರು ಎಂದಿಲ್ಲದೆ ಒಂದು ಪ್ರಶ್ನೆ ಕೇಳಿದರು.

“ನನ್ನ ಕಾರಿನ ಸದ್ದು ಹೇಗಿರುತ್ತೆ? ನೆನಪಿದ್ಯಾ?”

“ನಿನ್ನ ಕಾರಿಗೆ ಸದ್ದೆಲ್ಲಿದೆ ಅಣ್ಣಾ? ನೀನು ಮನೆಗೆ ಬಂದಿದ್ದೂ ಗೊತ್ತಾಗ್ತಿರಲಿಲ್ಲ, ಹೋಗಿದ್ದೂ ಗೊತ್ತಾಗ್ತಿರಲಿಲ್ಲ.”

ಶುಕ್ರವಾರ ಅವರು ಟೈಲರನ ಡಬ್ಬಿಗಳನ್ನು ಒಂದೊಂದಾಗಿ ತೆರೆದರು. ಒಂದರಲ್ಲಿ ಗುಂಡಿ, ಒಂದರಲ್ಲಿ ಹುಕ್ಕು. ಮೂರನೆಯದರಲ್ಲಿ ಅಸ್ತರಿನ ತುಂಡಿನಲ್ಲಿ ಸುತ್ತಿದ ಎರಡು ಹೊಸ ವಾಲ್ವ್. ಗೋಡೆಯ ಮೊಳೆಗೆ ಹೊಸ ಹೆಡ್ ಗ್ಯಾಸ್ಕೆಟ್ ನೇತಾಡುತ್ತಿತ್ತು. ಮನುಷ್ಯ ಹೊಲಿಗೆಯಲ್ಲಿ ಮಾತು ತಪ್ಪಿಸುತ್ತಿದ್ದನೇ ಹೊರತು ಕಾರಿನ ವಿಷಯದಲ್ಲಲ್ಲ. ವಾಲ್ವಿನ ಅಂಚಿಗೆ ಮರಳಿನಂಥ ಪೇಸ್ಟ್ ಹಚ್ಚಿ, ಅದರ ತಲೆಗೆ ರಬ್ಬರಿನ ಕೋಲು ಅಂಟಿಸಿ, ಅಂಗೈಗಳ ನಡುವೆ ಬತ್ತಿ ಹೊಸೆದಂತೆ ಹೊಸೆಯುತ್ತ ಕೂತರು. ಸುತ್ತಲೂ ಸಮನಾದ ಬೂದು ಗೆರೆ ಮೂಡುವವರೆಗೆ, ಎರಡು ಗಂಟೆ. ಶನಿವಾರ ಹೆಡ್ ಕೂರಿಸಿ, ಗೇಜನ್ನು ಜೇಬಿನಲ್ಲೇ ಬಿಟ್ಟು, ಕಾರ್ಡು ತೂರಿಸಿ ಎಂಟು ಟ್ಯಾಪೆಟ್ಟುಗಳ ಸಂದು ಇಟ್ಟರು. ಸ್ಟಾರ್ಟ್ ಮಾಡಿದಾಗ ಶೆಡ್ಡಿನ ತಗಡಿಗೆಲ್ಲ ಟಿಕ್ ಟಿಕ್ ಎಂದು ಬಡಿಯಿತು. ಅವರು ಸ್ವಲ್ಪ ಹೊತ್ತು ಎಂಜಿನ್ ಆರಿಸಲಿಲ್ಲ.

ಭಾನುವಾರ ಎಂಟು ತಿಂಗಳಲ್ಲಿ ಮೊದಲ ಸಲ ಎರಡು ಕಾರು ಒಟ್ಟಿಗೆ ಬಂಕಿನೆದುರು ನಿಂತವು. “ಇವತ್ತು ಮೊಣಕಾಲಿಗೆ ರಜಾನಾ ಸಾರ್?” ಎಂದ ಬಂಕಿನವನು. ಬೆಣ್ಣೆ ಕಾರಿಗೆ ಡಾಕ್ಟರು, ಪಕ್ಕದಲ್ಲಿ ಅಪ್ಪನ ಸ್ಟಾಪ್‌ವಾಚ್ ಹಿಡಿದ ಮಗಳು. ಐದು ನಿಮಿಷ ಬಿಟ್ಟು ಬೂದು ಕಾರು. ಹತ್ತುವಾಗ ಮೇಲಿನ ತಿರುವುಗಳಿಂದ ಆ ಬಡಿತ ಇನ್ಸ್‌ಪೆಕ್ಟರಿಗೆ ಕೇಳಿಸುತ್ತಿತ್ತು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಆಮೇಲೆ ನಿಂತಿತು, ಮೇಲೆ ತಲುಪಿತ್ತು.

ಬೆಣ್ಣೆ ಒಂಬತ್ತು ಇಪ್ಪತ್ತೆರಡು. ಬೂದು ಒಂಬತ್ತು ನಲವತ್ತೊಂದು.

“ನಿಮ್ಮ ಕಾರಲ್ಲಿ ಇಬ್ಬರಿದ್ರಿ” ಎಂದರು ಇನ್ಸ್‌ಪೆಕ್ಟರು. “ಒಬ್ಬರೇ ಆಗಿದ್ರೆ ಇನ್ನೂ ಮೂರು ನಾಲ್ಕು ಸೆಕೆಂಡ್ ಕಮ್ಮಿ.”

ಡಾಕ್ಟರು ಎರಡೂ ಬಾನೆಟ್ಟಿನೊಳಗೆ ಬಗ್ಗಿ ನೋಡಿ ಎದ್ದರು. “ಎರಡನ್ನೂ ಓಡಿಸಿದವರು ನೀವೊಬ್ರೇ. ನೀವಾಗಿದ್ರೆ ಯಾವುದು ಇಟ್ಕೋತಿದ್ರಿ ಸಾರ್?”

“ಆರೈಕೆ ಮಾಡೋಕೆ ಪುರುಸೊತ್ತಿಲ್ಲದವರಿಗೆ ಬೂದು. ಪುರುಸೊತ್ತು ಇರೋರಿಗೆ ಇದು. ಇದು ದಿನಾ ಏನಾದ್ರೂ ಕೇಳ್ತಿರುತ್ತೆ.” ಅವರು ಒಂದು ಚೀಟಿ ಕೊಟ್ಟರು. “ಟ್ಯಾಪೆಟ್ ಹದಿಮೂರು. ಸದ್ದು ಬರುತ್ತೆ, ಬರ್ಲಿ. ನಾನು ಎಂಟಕ್ಕೆ ಬಿಗಿದು ಮೂರನೇ ಸಿಲಿಂಡರಿನ ವಾಲ್ವ್ ಸುಟ್ಟೆ. ಈ ವಾರ ಬದಲಾಯಿಸಿದೀನಿ. ನಿಮಗೆ ತಿಳಿದಿರ್ಬೇಕು.”

ಮಗಳು ಅವರನ್ನೇ ನೋಡಿದಳು. ಆಮೇಲೆ ಜೋರಾಗಿ ನಕ್ಕುಬಿಟ್ಟಳು. “ಅಯ್ಯೋ ಮಾಮ! ಅಪ್ಪ ಇದ್ದಿದ್ರೆ ಊರೆಲ್ಲ ಡಂಗುರ ಸಾರ್ತಿದ್ರು!” ನಗು ಹೇಗೆ ಬಂತೋ ಹಾಗೇ ನಿಂತು, ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ಇನ್ಸ್‌ಪೆಕ್ಟರು ಫ್ಲಾಸ್ಕು ತೆಗೆದರು. ಲೋಟ ಎರಡೇ ಇದ್ದವು. ಅವರಿಬ್ಬರಿಗೆ ಕೊಟ್ಟು ತಾವು ಮುಚ್ಚಳದಲ್ಲಿ ಕುಡಿದರು. ನೋಟ್‌ಬುಕ್ಕಿನಲ್ಲಿ ಬೆಣ್ಣೆ ನಾನೂರ ಇಪ್ಪತ್ತು, ಬೂದು ನಾನೂರ ಹತ್ತೊಂಬತ್ತು ಎಂದು ಬರೆದರು.

ಡಾಕ್ಟರು ಅಂದೇ ಕಾರು ತೆಗೆದುಕೊಂಡು ಹೋದರು. ಶೆಡ್ಡಿನ ಬೀಗದ ಕೈ ಮಗಳಿಗೆ ಹೋಯಿತು. ಕಾರ್ಡು ಇನ್ಸ್‌ಪೆಕ್ಟರ ಅಂಗಿಯ ಜೇಬಿನಲ್ಲೇ ಉಳಿದಿತ್ತು. ಮರೆತದ್ದಲ್ಲ.

ಮುಂದಿನ ಭಾನುವಾರ ಆರೂಮುಕ್ಕಾಲಿಗೆ ಬೂದು ಕಾರು ಬಂಕಿನೆದುರು ಬಂದಾಗ ಬಂಕಿನವನು ಪೈಪು ಕೈಯಲ್ಲಿ ಹಿಡಿದೇ ಹತ್ತಿರ ಬಂದ.

“ಸಾರ್, ಇದೇನು? ನಿಮ್ಮ ಗಾಡಿ ಟಿಕ್ ಟಿಕ್ ಅಂತಿದೆ! ಟ್ಯಾಪೆಟ್ ಸಡಿಲ ಆಗಿದೆ, ಬಿಗಿ ಮಾಡ್ಸಿ.”

“ಗೊತ್ತು. ನಾನೇ ಬಿಟ್ಟಿದ್ದು.”

“ಸೆಕೆಂಡು ಹೋಗುತ್ತಲ್ಲ ಸಾರ್?”

“ಹೋಗ್ಲಿ.”

ಹತ್ತು ಸೆಕೆಂಡು ಹೋಯಿತು: ಒಂಬತ್ತು ಐವತ್ತು. ಟ್ಯಾಂಕಿನ ಬಳಿ ಅವರು ಎಂದಿನಂತೆ ಎಡಗಡೆ ಒಂದು ಕಾರಿನಷ್ಟು ಜಾಗ ಬಿಟ್ಟು ನಿಲ್ಲಿಸಿದರು. ಟೀ ಕುಡಿದು, ನೋಟ್‌ಬುಕ್ಕಿನಲ್ಲಿ ತಾರೀಖು, ಸಮಯ, ಗಾಳಿಯ ದಿಕ್ಕು ಬರೆದರು. ಫಲಿತಾಂಶದ ಅಂಕಣ ಖಾಲಿ ಬಿಟ್ಟರು. ಎರಡೂ ಕಾರು ಮೇಲೆ ನಿಲ್ಲದೆ, ನಾಲ್ಕನೇ ನಿಯಮದಂತೆ, ಅದನ್ನು ಬರೆಯುವ ಹಾಗಿರಲಿಲ್ಲ. ಎಂಜಿನ್ ಆರಿಸಿರಲಿಲ್ಲ, ಅದು ಟಿಕ್ ಟಿಕ್ ಎನ್ನುತ್ತಲೇ ಇತ್ತು. ಕೆಳಗಿನ ತಿರುವಿನಲ್ಲಿ ಒಂದು ಹಾಲಿನ ವ್ಯಾನು ಗೇರು ಬದಲಿಸಿ ಮೇಲೆ ಬಂತು, ಅವರನ್ನು ದಾಟಿ ಹೋಯಿತು.